ಮಿಡ್‌ಸೋಲ್ ಮೂರ್ತಿ

ಬೆಂಗಳೂರಿನ ಯಾವ ಓಟದ ಗುಂಪಿಗೆ ಹೋದರೂ ಅಲ್ಲೊಬ್ಬ ಮಿಡ್‌ಸೋಲ್ ಮೂರ್ತಿ ಇದ್ದೇ ಇರುತ್ತಾರೆ. ಬೆಳಗಿನ ಜಾವ ಲಾಲ್‌ಬಾಗಿನ ಗೇಟಿನಲ್ಲಿ ಮಿಕ್ಕವರು ಮುಖ ನೋಡಿ ನಮಸ್ಕಾರ ಹೇಳಿದರೆ, ಇವರು ಪಾದ ನೋಡಿ ಹೇಳುತ್ತಾರೆ. ಭಕ್ತಿ ಏನಲ್ಲ, ಹೊಸ ಶೂ ಯಾರದ್ದು ಅಂತ ಗೊತ್ತಾಗಬೇಕಲ್ಲ! ಕಂಡ ತಕ್ಷಣ ಬಗ್ಗಿ, ಹಿಮ್ಮಡಿಯಡಿಯ ಮಿಡ್‌ಸೋಲನ್ನು, ಅಂದರೆ ನಡುತಳದ ಫೋಮನ್ನು, ಮಾವಿನಹಣ್ಣಿನ ಹಾಗೆ ಹೆಬ್ಬೆರಳಲ್ಲಿ ಒತ್ತಿ, "ಈವಿಎ ಫೋಮು ಕಣ್ರೀ. ಐನೂರು ಕಿಲೋಮೀಟರ್, ಆಮೇಲೆ ಪ್ರಾಣ ಹೋಗುತ್ತೆ" ಎಂದು ಶೂಗೆ ಜಾತಕ ಬರೆದು ಕೊಡುತ್ತಾರೆ.

ಮೂರ್ತಿಯವರಿಗೊಂದು ಪೂರ್ವಾಶ್ರಮವಿದೆ. 2009ರಲ್ಲಿ ಕ್ರಿಸ್ಟೋಫರ್ ಮೆಕ್‌ಡೂಗಲ್ ಬರೆದ 'ಬಾರ್ನ್ ಟು ರನ್' ಬಂದು, ಎಲ್ಲೆಲ್ಲೂ ಬರಿಗಾಲ ಓಟದ ಹುಚ್ಚು ಹಬ್ಬಿದಾಗ ಇವರೂ ಐದು ಬೆರಳಿನ ತೆಳು ಶೂ ಏರಿಸಿದರು. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದ ಅಬೆಬೆ ಬಿಕಿಲನ ನಾಮಜಪ ಮಾಡಿದರು. ಅದೇ 2009ರಲ್ಲಿ ಫ್ರಾನ್ಸಿನಲ್ಲಿ ಹೋಕಾ ಕಂಪನಿ ಹುಟ್ಟಿ, ದಪ್ಪ ತಳದ ಶೂಗಳ ಕಡೆ ಹೊರಟಿತ್ತು. ಇಲ್ಲಿ ಮೀನಖಂಡ ಮುಷ್ಕರ ಹೂಡಿದ ಮೇಲೆ ಮೂರ್ತಿಯವರು ಸದ್ದಿಲ್ಲದೆ ಪಕ್ಷಾಂತರ ಮಾಡಿದರು. ಈಗ ಬಿಕಿಲನ ಮಾತೆತ್ತಿದರೆ, "ರೋಮಿನ ರಸ್ತೆ ಬೇರೆ, ನಮ್ಮ ಫುಟ್‌ಪಾತ್ ಬೇರೆ" ಎನ್ನುತ್ತಾರೆ. ಅದಕ್ಕೆ ಯಾರೂ ಎದುರಾಡುವ ಹಾಗಿಲ್ಲ.

ಅಂಗಡಿಯಲ್ಲಿ ಅವರ ಪರೀಕ್ಷೆ ನೋಡಬೇಕು. ಎಡಗಾಲಿಗೆ ಹೊಸ ಶೂ, ಬಲಗಾಲಿಗೆ ಹಳೆಯದು. ಎರಡರ ಎತ್ತರ ಬೇರೆಯಾದ್ದರಿಂದ ಅಂಗಡಿಯ ಉದ್ದಕ್ಕೂ ಕುಂಟುತ್ತಾ ಹೋಗಿ ಬರುತ್ತಾರೆ. ಇದಕ್ಕೆ ತೌಲನಿಕ ಅಧ್ಯಯನ ಎಂದು ಹೆಸರು. ಆಮೇಲೆ ಪ್ರಶ್ನೆಗಳು: ಹಿಮ್ಮಡಿಯಡಿ ಎಷ್ಟು ಮಿಲಿಮೀಟರ್, ಮುಂಗಾಲಡಿ ಎಷ್ಟು, ಕಳೆದರೆ ಡ್ರಾಪ್ ಎಷ್ಟು? ಅಂಗಡಿಯ ಹುಡುಗ "ತುಂಬಾ ಮೆತ್ತಗಿದೆ ಸಾರ್" ಎಂದರೆ, ಹೆಗಲ ಮೇಲೆ ಕೈಯಿಟ್ಟು, "ಮೆತ್ತಗಿರೋದು ದೊಡ್ಡದಲ್ಲಪ್ಪಾ, ವಾಪಸ್ ಪುಟಿಯಬೇಕು" ಎಂದು ಉಪದೇಶಿಸುತ್ತಾರೆ.

ಮನೆಗೆ ತಂದ ಮೇಲೆ ಇನ್ನೊಂದು ಚಿಂತೆ. ರಸ್ತೆ ಓಟದ ಸ್ಪರ್ಧೆಗಳಲ್ಲಿ ಶೂ ತಳ 40 ಮಿಲಿಮೀಟರ್ ಮೀರಬಾರದೆಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮ. 2021ರ ವಿಯೆನ್ನಾ ಮ್ಯಾರಥಾನಿನಲ್ಲಿ ಮೊದಲು ಗುರಿ ಮುಟ್ಟಿದ ಇಥಿಯೋಪಿಯಾದ ಡೆರಾರಾ ಹುರಿಸಾ, 50 ಮಿಲಿಮೀಟರ್ ತಳದ ಶೂ ಹಾಕಿದ್ದಕ್ಕೆ ಅನರ್ಹನಾದ. ಮೂರ್ತಿಯವರ ಹೊಸ ಶೂ 42. ಟೆನ್‌ಕೆ ಓಟಕ್ಕೆ ಮುಂಚೆ ಅವರಿಗೆ ನಿದ್ದೆಯಿಲ್ಲ: "ಗೆದ್ದಮೇಲೆ ಅಳೆದುಬಿಟ್ಟರೆ?" ಬಹುಮಾನದ ವೇದಿಕೆಗೂ ಅವರಿಗೂ ಇರುವ ಅಂತರ ಮಿಲಿಮೀಟರುಗಳದ್ದಲ್ಲ ಎಂದು ಹೇಳುವ ಧೈರ್ಯ ಹೆಂಡತಿಗೊಬ್ಬರಿಗೇ ಇದೆ.

ಇಷ್ಟೆಲ್ಲ ಅಳೆದು ತಂದದ್ದು ದಿನನಿತ್ಯದ ಅಭ್ಯಾಸಕ್ಕೆ. ಆದರೆ ಮಳೆ ಬಂದರೆ ಅದು ಹೊರಗೆ ಬರದು. ಲಾಲ್‌ಬಾಗಿನ ಕೆಮ್ಮಣ್ಣು ಕಂಡರೆ ಪಕ್ಕದ ಟಾರಿಗೆ ಹಾರುತ್ತದೆ. ಯಾಕೆ ಸ್ವಾಮಿ ಎಂದರೆ, "ದಿನಾ ಹಾಕೋಕೆ ಅಂತ ತಂದಿದ್ದು, ದಿನಾ ಹಾಕಿದ್ರೆ ಹಾಳಾಗಲ್ವೇನ್ರೀ?" ಅಷ್ಟರಲ್ಲಿ ಅದರ ಮುಂದಿನ ಅವತಾರ ಪೇಟೆಗೆ ಬಂದಿರುತ್ತದೆ.

ಬಿಟ್ಟ ಶೂ ಹೋಗುವುದು ಅವರ ತಂದೆಯ ಕಾಲಿಗೆ. ಇಬ್ಬರದೂ ಒಂಬತ್ತನೇ ನಂಬರ್. ರಿಟೈರಾದ ಆ ಮೇಷ್ಟ್ರು ಬಿಳಿ ಪಂಚೆಯ ಕೆಳಗೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಶೂ ಹಾಕಿಕೊಂಡು ಹಾಲಿಗೆ, ತರಕಾರಿಗೆ, ಬ್ಯಾಂಕಿಗೆ, ಗಾಂಧಿಬಜಾರಿಗೆ ವರ್ಷವಿಡೀ ನಡೆಯುತ್ತಾರೆ. ಅವರ ವಿಮರ್ಶೆ ಚಿಕ್ಕದು: "ಮಂಡಿಗೆ ಹಿತವಾಗಿದೆ ಕಣೋ. ಆದರೆ ಕಾಲಡಿಯ ಕಲ್ಲು ಗೊತ್ತಾಗಲ್ಲ. ಬಸ್ಸಿನ ಮೆಟ್ಟಿಲು ಹತ್ತುವಾಗ ವಾಲುತ್ತೆ. ನೆನೆದರೆ ಭಾರ. ಹಿಮ್ಮಡಿಯ ಹೊರಗಡೆ ಆಗಲೇ ಸವೆದಿದೆ."

ಮಾರನೆಯ ಭಾನುವಾರ ಲಾಲ್‌ಬಾಗಿನಲ್ಲಿ ಮೂರ್ತಿಯವರು ಇದಿಷ್ಟನ್ನೂ ಒಂದಕ್ಷರ ಬಿಡದೆ ಒಪ್ಪಿಸಿ, "ನಮ್ಮನೇಲಿ ಎಂಟುನೂರು ಕಿಲೋಮೀಟರ್ ಆಗಿದೆ ಇದು" ಎಂದು ಸೇರಿಸುತ್ತಾರೆ. ಲೆಕ್ಕದಲ್ಲಿ ಸುಳ್ಳಿಲ್ಲ. ಮನೆಯಲ್ಲಿ ಮೇಷ್ಟ್ರು ಮಾತ್ರ ಮಗನ ಮುಂದಿನ ಖರೀದಿಗೆ ಷರತ್ತು ಹಾಕಿಯಾಗಿದೆ: "ಈ ಸಲವಾದರೂ ಕಪ್ಪು ಬಣ್ಣದ್ದು ತಗೋ. ನನಗೆ ಕೊಳೆ ತೊಳೆದೂ ತೊಳೆದೂ ಸಾಕಾಗಿದೆ."