ಡಿಕಾಕ್ಷನ್ ಇಳಿಸಿದ ಭಾನುವಾರ

ನಮ್ಮ ಮಾರುತಿ ಎಸ್ಟೀಮ್ 2003ರದ್ದು. 15 ವರ್ಷ ತುಂಬಿದಾಗ ಆರ್‌ಟಿಒ ಮುಂದೆ ನಿಲ್ಲಿಸಿ ಇನ್ನು 5 ವರ್ಷ ಆಯುಷ್ಯ ಬರೆಸಿಕೊಂಡು ಬಂದೆ. ಅದು ಮುಗಿದ ಮೇಲೆ ಮತ್ತೆ 5. ಮಾರ್ಕಂಡೇಯನೂ ಇಷ್ಟು ಸಲ ಅರ್ಜಿ ಹಾಕಿದವನಲ್ಲ.

ಈಚೆಗೆ ಅದು ನರಳತೊಡಗಿತು. ನೇರ ಓಡುವಾಗ ಸುಮ್ಮನಿರುತ್ತದೆ. ಗೇಟಿನಿಂದ ರಿವರ್ಸ್ ತೆಗೆದು ಸ್ಟೇರಿಂಗ್ ಪೂರ್ತಿ ತಿರುಗಿಸಿದೆನೋ, ಸೊಂಟ ಹಿಡಿದುಕೊಂಡು ಏಳುವ ಅಜ್ಜಿಯ ಹಾಗೆ 'ಊಂ...' ಎನ್ನುತ್ತದೆ. "ಅದು ಕಾರಿನ ದನಿಯೋ, ನಿಮ್ಮದೋ?" ಎಂದಳು ಹೆಂಡತಿ.

ಬಾನೆಟ್ ಎತ್ತಿ ಪವರ್ ಸ್ಟೇರಿಂಗ್ ಎಣ್ಣೆಯ ಡಬ್ಬಿ ತೆರೆದು, ಒಂದು ತೊಟ್ಟನ್ನು ಬಿಳಿ ಕಾಗದದ ಮೇಲೆ ಬಿಟ್ಟೆ. ಕುಂಕುಮದ ನೀರಿನಷ್ಟು ಕೆಂಪಗಿರಬೇಕಾದದ್ದು ನಿನ್ನೆಯ ಡಿಕಾಕ್ಷನ್ನಿನಂತಿತ್ತು. ವಾಸನೆಯೂ ಸುಟ್ಟದ್ದು. ಇಂಜಿನ್ ಆಯಿಲಿಗೆ ವರ್ಷಕ್ಕೊಮ್ಮೆ ತಿಥಿ ತಪ್ಪದೆ ಮಾಡುತ್ತ ಬಂದಿದ್ದೇನೆ. ಈ ಎಣ್ಣೆಯನ್ನು ಮಾತ್ರ ಕಾರು ಹುಟ್ಟಿದಾಗಿನಿಂದ ಯಾರೂ ಮಾತಾಡಿಸಿಲ್ಲ.

ಪಾಪ, ದುಡಿಯುವುದೆಲ್ಲ ಅದೇ. ಚಕ್ರ ತಿರುಗಿಸುವವರು ನಾವು ಎಂಬುದು ನಮ್ಮ ಜಂಬ. ನಾವು ಕೈಯಾಡಿಸಿದಾಗ ಒಳಗಿನ ಸಣ್ಣ ಸರಳೊಂದು ತುಸು ತಿರುಚಿಕೊಂಡು ಎಡಕ್ಕೋ ಬಲಕ್ಕೋ ದಾರಿ ಬಿಡುತ್ತದೆ. ಇಂಜಿನ್ನಿನ ಬೆಲ್ಟು ತಿರುಗಿಸುವ ಪಂಪು ಆ ದಾರಿಯಲ್ಲಿ ಎಣ್ಣೆ ನುಗ್ಗಿಸುತ್ತದೆ, ಎಣ್ಣೆ ಚಕ್ರವನ್ನು ತಳ್ಳುತ್ತದೆ. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಇದನ್ನು 1926ರಲ್ಲೇ ಮಾಡಿ ತೋರಿಸಿದ್ದ. ಮಾರಾಟದ ಕಾರಿಗೆ, ಅಂದರೆ ಕ್ರೈಸ್ಲರ್ ಇಂಪೀರಿಯಲ್‌ಗೆ, ಅದು ಬಂದದ್ದು 1951ರಲ್ಲಿ. ನಮ್ಮಪ್ಪನ ಅಂಬಾಸಿಡರ್‌ಗೆ ಬರಲೇ ಇಲ್ಲ. ಅದನ್ನು ತಿರುಗಿಸುವಾಗ ಅಪ್ಪ ಸೀಟಿನಿಂದ ಅರ್ಧ ಎದ್ದು ಗಾಣದೆತ್ತಿನಂತೆ ಹೆಗಲು ಕೊಡುತ್ತಿದ್ದರು.

ಜೆ.ಸಿ. ರಸ್ತೆಯ ಅಂಗಡಿಯಲ್ಲಿ 'ಪವರ್ ಸ್ಟೇರಿಂಗ್ ಆಯಿಲ್' ಎಂದೆ. ಅವನು ಕೊಟ್ಟ ಬಾಟಲಿಯ ಮೇಲೆ 'ಆಟೊಮ್ಯಾಟಿಕ್ ಗೇರಿನ ಎಣ್ಣೆ, ಡೆಕ್ಸ್‌ರಾನ್' ಎಂದಿತ್ತು. "ನಂದು ಆಟೊಮ್ಯಾಟಿಕ್ ಅಲ್ವಲ್ಲಪ್ಪ?" ಎಂದೆ. "ಸಾರ್, ನಿಮ್ ಗಾಡಿಗೆ ಇದೇ. ಬೇರೆ ಕಂಪನಿಗಳಿಗೆ ಬೇರೆ ಇದೆ, ಬ್ರೇಕ್ ಆಯಿಲ್ ಮಾತ್ರ ಹಾಕ್ಬೇಡಿ, ರಬ್ಬರ್ ತಿಂದ್ಬಿಡುತ್ತೆ" ಎಂದ. ಮನೆಗೆ ಬಂದು ಕಾರಿನ ಪುಸ್ತಕ ನೋಡಿದೆ. ಅವನು ಹೇಳಿದ್ದೇ ಸರಿ. ಆ ಪುಸ್ತಕವನ್ನು ನಾನು ಬಿಡಿಸಿದ್ದು ಅದೇ ಮೊದಲು.

ಭಾನುವಾರ ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡಿಗೆ ಕೂರಿಸಿದೆ. ಮೆಡಿಕಲ್ ಸ್ಟೋರಿನ ದಪ್ಪ ಸಿರಿಂಜಿನಿಂದ ಡಬ್ಬಿಯ ಕರಿನೀರು ಎಳೆದೆ. ಆಮೇಲೆ ಎಣ್ಣೆ ವಾಪಸು ಬರುವ ಪೈಪು. ಡಬ್ಬಿಗೆ ಎರಡು ಪೈಪು, ಬೇಕಾದ್ದು ಸಪೂರದ್ದು. ಅದು ಅತ್ತೆಮನೆ ಬಿಟ್ಟು ಬರಲೊಲ್ಲದ ಅಳಿಯನಂತೆ ಕಚ್ಚಿಕೊಂಡಿತ್ತು. ಎಳೆದೆ, ತಿರುಚಿದೆ, ದೇವರನ್ನು ನೆನೆದೆ. ಕೊನೆಗೆ ಫಟ್ ಎಂದು ಬಂತು, ಜೊತೆಗೆ ಒಂದು ಬೊಗಸೆ ಎಣ್ಣೆ ನನ್ನ ಹೊಸ ಬನಿಯನ್ನಿನ ಮೇಲೆ. ಡಬ್ಬಿಯ ತೂತಿಗೆ ರಬ್ಬರ್ ಬಿರಡೆ ಬಡಿದು, ಪೈಪಿನ ಬಾಯನ್ನು ಖಾಲಿ ನೀರಿನ ಬಾಟಲಿಗೆ ಇಳಿಬಿಟ್ಟೆ.

ಸ್ಟೇರಿಂಗಿಗೆ ಹೆಂಡತಿ. ಇಂಜಿನ್ ಶುರು ಮಾಡುವಂತಿಲ್ಲ. ಕೀ ಒಂದು ಹಲ್ಲು ತಿರುಗಿಸಿ ಬೀಗ ಬಿಡಿಸಿದರೆ ಸಾಕು. ಅವಳು ಎಡಕ್ಕೆ ಎಳೆದಾಗೊಮ್ಮೆ, ಬಲಕ್ಕೆ ಎಳೆದಾಗೊಮ್ಮೆ ಪೈಪು ಹೋಳಿ ಹುಣ್ಣಿಮೆಯ ಪಿಚಕಾರಿಯಂತೆ ಉಗುಳುತ್ತಿತ್ತು. ನಾನು ಮೇಲಿಂದ ಕೆಂಪೆಣ್ಣೆ ಸುರಿಯುತ್ತಿದ್ದೆ. ಡಬ್ಬಿ ಖಾಲಿಯಾದರೆ ಗಾಳಿ ನುಗ್ಗುತ್ತದೆ, ಪಂಪು ಕೂಗಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಸುತ್ತಿಗೂ "ನಿಲ್ಸು!" ಎನ್ನಬೇಕು. "ಮದುವೆ ಆದಾಗಿನಿಂದ ತಿರುಗು, ನಿಲ್ಲು, ಇದೇ ಆಯ್ತು" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಕಪ್ಪು ಕಂದಾಯಿತು, ಕಂದು ಮಾಸಲು ಕೆಂಪಾಯಿತು. ಒಂದೂವರೆ ಲೀಟರ್ ದಾಟಿದ ಮೇಲೆ ಪೈಪಿನಲ್ಲಿ ಕುಂಕುಮದ ನೀರೇ ಬಂತು. ಪೈಪು ಸೇರಿಸಿ ಇಂಜಿನ್ ಹಚ್ಚಿದೆ. ಡಬ್ಬಿಯಲ್ಲಿ ಬುಸಬುಸನೆ ನೊರೆ ಎದ್ದು, ಮೊದಲಿಗಿಂತ ಜೋರಾಗಿ 'ಊಂ' ಎಂದಿತು. ಎದೆ ಝಲ್ಲೆಂದಿತು. ಹತ್ತು ಸಲ ಅತ್ತ ಇತ್ತ ತಿರುಗಿಸಿದೆವು. ನೊರೆ ಇಳಿಯಿತು, ದನಿಯೂ ಅಡಗಿತು. ಚಕ್ರ ಇಳಿಸಿದ ಮೇಲೂ ಸ್ಟೇರಿಂಗ್ ಎರಡು ಬೆರಳಿಗೆ ತಿರುಗಿತು. ಆ ನಿಶ್ಶಬ್ದದಲ್ಲಿ ಹಿಂದಿನ ಬಾಗಿಲು ಕಟಕಟ ಎನ್ನುವುದು ಮೊದಲ ಬಾರಿಗೆ ಕೇಳಿಸಿತು. ಅದಿರಲಿ.

ಹಳೆಯ ಎಣ್ಣೆಯ ಬಾಟಲಿಗಳಿಗೆ 'ಇದು ಕಷಾಯವಲ್ಲ' ಎಂದು ಚೀಟಿ ಅಂಟಿಸಿ ಗ್ಯಾರೇಜಿನ ಪೀಪಾಯಿಗೆ ಸೇರಿಸಿದೆ. ಮೋರಿಗೆ ಮಾತ್ರ ಸುರಿಯಬೇಡಿ.

ಇಷ್ಟನ್ನೂ ಕಾಂಪೌಂಡಿನ ಮೇಲಿಂದ ನೋಡುತ್ತಿದ್ದ ಪಕ್ಕದ ಮನೆಯವರಿಗೆ ಚಿಂತೆ ಹತ್ತಿತು. ಮಾರನೆಯ ಬೆಳಗ್ಗೆ ತಮ್ಮ ಹೊಸ ಕಾರಿನ ಬಾನೆಟ್ ಎತ್ತಿ ನನ್ನನ್ನು ಕರೆದರು. ಇಬ್ಬರೂ ಟಾರ್ಚ್ ಹಿಡಿದು ಅರ್ಧ ಗಂಟೆ ಆ ಡಬ್ಬಿಗಾಗಿ ಹುಡುಕಿದೆವು. ಸಿಗಲಿಲ್ಲ. ಅವರ ಕಾರಿನಲ್ಲಿ ಚಕ್ರ ತಿರುಗಿಸುವುದು ಕರೆಂಟಿನ ಮೋಟಾರು, ಎಣ್ಣೆಯೇ ಇಲ್ಲ. ನನ್ನ ಹತ್ತಿರ ಇನ್ನೂ ಕಾಲು ಲೀಟರ್ ಉಳಿದಿದೆ.