ತಾಳ್ಮಾಮೀಮಾಂಸೆ: ತೂಕಾವರೋಹಣಪೂರ್ವ ದೇಹಪಠ್ಯದ ಕೆಲವು ನೆಲೆಗಳು

ಪ್ರಸ್ತಾವನೆ

ತೂಕ ಇಳಿಸಲು ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡೆಂಬ ಔಷಧಿಯನ್ನು ಆರಂಭಿಸಿದ ದೇಹಪಠ್ಯವು ತೂಕದ ಮಷಿನ್ನೆಂಬ (ಇನ್ನು ಮುಂದೆ ‘ತುಲಾಯಂತ್ರ’) ಯಜಮಾನ ಸಂಕಥನದೊಡನೆ ನಡೆಸುವ ಅನುಸಂಧಾನವನ್ನು ಶೋಧಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ. ಆಕರ ಸಾಮಗ್ರಿ ಸಂಶೋಧಕನೇ. ಒಟ್ಟು 104 ಕೆಜಿ ಲಭ್ಯವಿದೆ. ‘ತಾಳ್ಮಾಮೀಮಾಂಸೆ’ ಅರಿಸಮಾಸವಲ್ಲವೇ ಎಂದು ವೈಯಾಕರಣರು ಕೇಳಬಹುದು. ಹೌದು. ದೇಹಕ್ಕೂ ತುಲಾಯಂತ್ರಕ್ಕೂ ಇರುವುದು ಅರಿಸಂಬಂಧವೇ.

1. ಪರಿಭಾಷೆ

ಸೂಚ್ಯುತ್ತರ ಪ್ರತೀಕ್ಷೆ: ಸೂಜಿ ಚುಚ್ಚಿಕೊಂಡ ಮರುದಿನವೇ ತುಲಾಯಂತ್ರ ಏರುವುದು.
ಪುನರಾರೋಹಣ: ಲುಂಗಿ ಬಿಚ್ಚಿಟ್ಟು ಮತ್ತೊಮ್ಮೆ ಏರುವುದು.
ನೆಲಡೊಂಕುವಾದ: ಯಂತ್ರವನ್ನು ಬಚ್ಚಲಿನಿಂದ ಹಜಾರಕ್ಕೊಯ್ದು ಮೂರನೆಯ ಸಲ ಏರುವುದು. ಈ ವಾದದ ಮೂಲ ಪ್ರವರ್ತಕಿ ಗಾದೆಯಲ್ಲಿರುವ ಆ ಕುಣಿಯಲಾರದವಳು.

2. ಮಾತ್ರಾವಿಚಾರ

0.25, 0.5, 1, 1.7, 2.4 ಮಿಲಿಗ್ರಾಂ. ನಾಲ್ಕು ವಾರಕ್ಕೊಂದು ಗಣ. ಪೂರ್ಣಮಾತ್ರೆ ದೊರೆಯುವುದು 17ನೇ ವಾರಕ್ಕೆ. ಭಾಮಿನಿ ಷಟ್ಪದಿಯೂ ಓದುಗನನ್ನು ಇಷ್ಟು ಕಾಯಿಸದು. ಮೊದಲ ಗಣವಿರುವುದು ತೂಕ ಇಳಿಸಲಿಕ್ಕಲ್ಲ, ಓಕರಿಕೆಗೆ ಈಡಾಗದಂತೆ ಹೊಟ್ಟೆಯನ್ನು ಒಗ್ಗಿಸಲಿಕ್ಕೆ. ಆದರೂ ಮೊದಲ ವಾರವೇ ಫಲ ಹುಡುಕುವವನು, ಅಕ್ಕಿ ನೆನೆಹಾಕಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ನೋಡುವವನು. ಸಂಶೋಧಕನು ಹನ್ನೊಂದು ಸಲ ತೆಗೆದು ನೋಡಿದ್ದಾನೆ.

3. ತಾಳ್ಮೆಯ ಪಂಚವಿಧ ವರ್ಗೀಕರಣ

(ಅ) ಜಠರತಾಳ್ಮೆ. ಈ ಬಗೆಯ ಔಷಧಿಗಳಲ್ಲಿ ಮೊದಲನೆಯದಾಗಿ 2005ರಲ್ಲಿ ಅಮೆರಿಕದಲ್ಲಿ ಮಂಜೂರಾದ ಎಕ್ಸೆನಟೈಡ್‌ಗೆ ದಾರಿ ತೋರಿದ್ದು ಗಿಲಾ ಮಾನ್‌ಸ್ಟರ್ ಎಂಬ ಮರುಭೂಮಿಯ ಹಲ್ಲಿಯ ಜೊಲ್ಲು. ವರ್ಷಕ್ಕೆ ಕೆಲವೇ ಊಟಗಳಲ್ಲಿ ಬದುಕಬಲ್ಲ ಪ್ರಾಣಿ ಅದು. ಪಂಚಾಂಗದ ಹಲ್ಲಿಶಕುನದಲ್ಲಿ ಇದಕ್ಕೊಂದು ಸಾಲು ಸಿಗಬೇಕೆಂಬುದು ನಮ್ಮ ಹಕ್ಕೊತ್ತಾಯ.

(ಆ) ಸಂಖ್ಯಾತಾಳ್ಮೆ. 2021ರಲ್ಲಿ ಪ್ರಕಟವಾದ, 1,961 ಮಂದಿಯ ಅಧ್ಯಯನದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇಕಡಾ 14.9ರಷ್ಟು ಇಳಿಯಿತು. 68 ದಿನಗಳಲ್ಲಲ್ಲ, 68 ವಾರಗಳಲ್ಲಿ. ಔಷಧಿ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿತು. ಇಲ್ಲಿ ಅವಸರಕ್ಕೆ ರಿಯಾಯಿತಿ ಇಲ್ಲ.

(ಇ) ಬಂಧುತಾಳ್ಮೆ. ಮದುವೆಯ ಪಂಕ್ತಿಯಲ್ಲಿ ನಡೆದ ಕ್ಷೇತ್ರಕಾರ್ಯದಲ್ಲಿ ಚಿಕ್ಕಪ್ಪ ಹೇಳಿದರು: “ಸೂಜಿ ಚುಚ್ಚಿಸ್ಕೊಂಡು ಇಳಿಸೋದೂ ಒಂದು ಇಳಿಸೋದೇನೋ? ಬಾಯಿ ಕಟ್ಟಬೇಕು ಕಣೋ.” ಆಗ ಅವರ ಎರಡನೆಯ ಹೋಳಿಗೆಗೆ ತುಪ್ಪ ಬೀಳುತ್ತಿತ್ತು. ಅವರು ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವರು. ಅದು ಚಿಕಿತ್ಸೆಯಂತೆ. ನನ್ನದು ಸೋಮಾರಿತನವಂತೆ.

(ಈ) ಮತ್ತು (ಉ) ಬೇಡ. ವರ್ಗೀಕರಣ ಸಾಕು.

ಮೂವತ್ತು ವರ್ಷ ಬಾಯಿ ಕಟ್ಟಿದ್ದೇನೆ ಚಿಕ್ಕಪ್ಪ. ಬೆಳಿಗ್ಗೆ ನಿಂಬೆ ಹಿಂಡಿದ ಬಿಸಿನೀರು, ರಾತ್ರಿ ಬರೀ ಸೌತೆಕಾಯಿ. ನಾಲ್ಕು ಕೆಜಿ ಇಳಿದು ಆರಾಗಿ ಬಂದಾಗಲೆಲ್ಲ ನನ್ನನ್ನೇ ಬೈದುಕೊಂಡೆ. ಕಾಲೇಜಿನ ಗುಂಪು ಫೋಟೋಗಳಲ್ಲಿ ನಾನು ಸದಾ ಹಿಂದಿನ ಸಾಲು. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯ ಚಕ್ಕುಲಿ ಡಬ್ಬಿ ಹೆಸರು ಹಿಡಿದು ಕರೆಯುತ್ತಿತ್ತು. ನೀವು ಆ ಕರೆ ಕೇಳಿಲ್ಲ. ನಿಮ್ಮ ಪುಣ್ಯ. ಅದನ್ನೇ ನೀವು ಸಂಯಮ ಎಂದುಕೊಂಡಿರಿ. ಮೂರನೆಯ ವಾರ ಒಂದು ರಾತ್ರಿ ಆ ಡಬ್ಬಿ ಸುಮ್ಮನಾಯಿತು. ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಅತ್ತುಬಿಟ್ಟೆ. ಆ ಮೌನ ಯಾವ ತುಲಾಯಂತ್ರದಲ್ಲೂ ತೂಗುವುದಿಲ್ಲ.

ಉಪಸಂಹಾರ

ಡಾಕ್ಟರು ಪರಿಭಾಷೆಯಿಲ್ಲದೆ ಹೇಳಿದ್ದು ಇಷ್ಟು: ಸೂಜಿಯ ವಾರ ತಪ್ಪಿಸಬೇಡಿ, ಬೇಳೆ–ಮೊಟ್ಟೆ ಬಿಡಬೇಡಿ, ಮಾಂಸಖಂಡ ಕರಗದಂತೆ ವ್ಯಾಯಾಮ ಮಾಡಿ, ದಿನಾ ತೂಗಬೇಡಿ.

ಈ ಶುಕ್ರವಾರ ಐದನೆಯ ಸೂಜಿ, 0.5. ತೂಕ 102.6. ಮದುವೆಮನೆಯಲ್ಲಿ ಸಿಕ್ಕರೆ ‘ಊಟ ಆಯ್ತಾ’ ಎಂದು ಕೇಳಿ, ಸಾಕು.