ಪಂಚವ್ಯಾಟ್ ಮೀಮಾಂಸೆ

ಹರಿಯಬ್ಬೆಯಲ್ಲಿ ಒಬ್ಬ ಸಾಧಕನಿರಲಿ.

ಹೈಸ್ಕೂಲಿನ ರೇಖಾಗಣಿತದಲ್ಲಿ ಮೇಷ್ಟ್ರು ‘ಅಬಕ ಎಂಬ ತ್ರಿಕೋನವಿರಲಿ’ ಎಂದಾಗ ಆ ತ್ರಿಕೋನದ ಮನೆತನ, ಗೋತ್ರ, ಪಹಣಿಗಳನ್ನು ಯಾರೂ ವಿಚಾರಿಸಲಿಲ್ಲ. ಅದೇ ಔದಾರ್ಯವನ್ನು ವಿದ್ವಾಂಸರು ಈ ಸಾಧಕನಿಗೂ ತೋರಬೇಕು. ಊರು ಹಿರಿಯೂರು ತಾಲ್ಲೂಕಿನದು, ಸುತ್ತ ಶೇಂಗಾ ಹೊಲ, ಆಂಧ್ರದ ಗಡಿ ಹೆಚ್ಚು ದೂರವಿಲ್ಲ. ಸಾಧಕನ ಬಳಿ ಒಂದು ಎಲೆಕ್ಟ್ರಿಕ್ ಗಿಟಾರ್ ಇದೆ. ಅದನ್ನು ಬರಿದೇ ಮೀಟಿದರೆ ಹಜಾರದಲ್ಲಿ ಕೂತ ಅಜ್ಜಿಗೂ ಕೇಳಿಸುವುದಿಲ್ಲ. ಆದಕಾರಣ ಐದು ವ್ಯಾಟಿನ ವಾಲ್ವ್ ಆಂಪ್ಲಿಫೈಯರನ್ನು ಕೈಯಾರೆ ಕಟ್ಟಲು ಅವನು ಹೊರಟಿದ್ದಾನೆ. ಇಷ್ಟಕ್ಕೇ ಮುಗಿಯಬಹುದಾಗಿದ್ದ ಸಂಗತಿಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ಅಧಿಕಾರಿ ಯಾರು? ಸೋಲ್ಡರಿಂಗ್ ಕಡ್ಡಿಯ ಯಾವ ತುದಿ ಬಿಸಿ ಎಂಬುದನ್ನು ಗ್ರಂಥಮುಖದಿಂದಲ್ಲದೆ ಬೆರಳಿನ ಮುಖದಿಂದ ಅರಿತವನು. ವಿಷಯ, ಗಾಜಿನ ವಾಲ್ವು. ಸಂಬಂಧ, ಮನೆಯವರೊಡನೆ ದಿನೇ ದಿನೇ ಹದಗೆಡುವಂಥದ್ದು. ಪ್ರಯೋಜನವನ್ನು ಪೂರ್ವಸೂರಿಗಳು ಎಲ್ಲಿಯೂ ಹೇಳಿಲ್ಲವಾದ್ದರಿಂದ ಅದನ್ನು ಕೈಬಿಡಲಾಗಿದೆ.

ಆಚಾರ್ಯ ಪರಂಪರೆ ಹೀಗಿದೆ. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಎರಡು ಎಲೆಕ್ಟ್ರೋಡುಗಳ ವಾಲ್ವನ್ನು ಮಾಡಿದರು. 1906ರ ಹೊತ್ತಿಗೆ ಅಮೆರಿಕದ ಲೀ ಡಿ ಫಾರೆಸ್ಟ್ ನಡುವೆ ಮೂರನೆಯದೊಂದು ತಂತಿಯನ್ನಿಟ್ಟರು. ಕಾದ ಕ್ಯಾಥೋಡಿನಿಂದ ಪ್ಲೇಟಿನ ಕಡೆಗೆ ಹೊರಟ ಎಲೆಕ್ಟ್ರಾನುಗಳನ್ನು ಈ ಗ್ರಿಡ್ಡು ನಡುದಾರಿಯಲ್ಲಿ ತಡೆದು ಬಿಡುತ್ತದೆ, ಬಿಟ್ಟು ತಡೆಯುತ್ತದೆ. ಗ್ರಿಡ್ಡಿನ ಮೇಲಿನ ಸಣ್ಣ ಅಲುಗಾಟ ಪ್ಲೇಟಿನಲ್ಲಿ ದೊಡ್ಡದಾಗುತ್ತದೆ. ಉಳಿದುದೆಲ್ಲ ವ್ಯಾಖ್ಯಾನ.

ವ್ಯಾಖ್ಯಾನಕಾರರಲ್ಲಿ ಇಬ್ಬರು ಮುಖ್ಯರು. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಮುಂದೆ ‘ಚಾಂಪ್’ ಎಂಬ ಐದು ವ್ಯಾಟಿನ ಪುಟ್ಟ ಪೆಟ್ಟಿಗೆಯನ್ನು ಲೋಕಕ್ಕೆ ಕೊಟ್ಟರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಲಂಡನ್ನಿನ ಜಿಮ್ ಮಾರ್ಷಲ್ ಡ್ರಮ್ಮು ಬಾರಿಸುವವರು, ಡ್ರಮ್ಮಿನ ಅಂಗಡಿಯವರು. 1962ರಲ್ಲಿ ಅವರ ಅಂಗಡಿಯಲ್ಲಿ ತಯಾರಾದ ಮೊದಲ ಆಂಪ್ಲಿಫೈಯರ್, ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಫೆಂಡರನ ‘ಬಾಸ್‌ಮನ್’ ಮೂಲಪ್ರತಿಯ ಪಾಠಾಂತರ. ಇಬ್ಬರು ಆಚಾರ್ಯರೂ ಗಿಟಾರ್ ವಾದಕರಲ್ಲ ಎಂಬ ಪ್ರಮಾಣದ ಬಲದಿಂದ, ಹರಿಯಬ್ಬೆಯ ಸಾಧಕನಿಗೆ ಇನ್ನೂ ಮೂರು ಕಾರ್ಡುಗಳೂ ನೆಟ್ಟಗೆ ಬಾರದಿರುವುದು ಕೊರತೆಯಲ್ಲ, ಯೋಗ್ಯತೆ ಎಂದು ಸಿದ್ಧವಾಗುತ್ತದೆ.

ಇದು ಪರದೇಶಿ ವಿದ್ಯೆ ಎಂದು ಮೂಗು ಮುರಿಯುವವರು ಜಾಲಹಳ್ಳಿಯ ಕಡೆ ನೋಡಬೇಕು. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್), 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಶುರುಮಾಡಿತು. 1962ರಲ್ಲಿ ಅದೇ ಸಂಸ್ಥೆ ಜರ್ಮೇನಿಯಂ ಸೆಮಿಕಂಡಕ್ಟರುಗಳ ತಯಾರಿಕೆಗೂ ಕೈಹಾಕಿತು. ಮಗುವಿನ ನಾಮಕರಣವಾದ ಮರುವರ್ಷವೇ ಅದರ ಆಸ್ತಿಗೆ ವಾರಸುದಾರನನ್ನು ಗೊತ್ತುಮಾಡಿದ ಇಂಥ ದೂರದೃಷ್ಟಿ ಉದ್ಯಮಚರಿತ್ರೆಯಲ್ಲಿ ವಿರಳ. ಈಗ ಹೊಸ ವಾಲ್ವು ಬೇಕೆಂದರೆ ರಷ್ಯಾ, ಸ್ಲೊವಾಕಿಯಾ ಅಥವಾ ಚೀನಾದಿಂದ ಬರಬೇಕು. ಬಿಇಎಲ್ ಗುರುತಿನ ಹಳೆಯ ಇಎಲ್84 ವಾಲ್ವುಗಳನ್ನು ಮಾತ್ರ ಹೊರದೇಶದ ಗಿಟಾರ್ ಮಂದಿ ಇಂದಿಗೂ ಹುಡುಕಿ ಕೊಳ್ಳುತ್ತಾರೆ. ನಮ್ಮಲ್ಲಿ ಅವು ಗುಜರಿಯ ತಕ್ಕಡಿ ಏರಿ ಹೋದವು.

ಇನ್ನು ವ್ಯಾಟಿನ ಪ್ರಶ್ನೆ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ್ದು 30 ವ್ಯಾಟಿನ ಟ್ರಾನ್ಸ್‌ಮಿಟರಿನಿಂದ. ಊರಿಗೆಲ್ಲ ಪ್ರಸಾರ ಮಾಡಲು ಅಷ್ಟು ಸಾಕಾಗಿದ್ದಾಗ, ಇಂದು ಮಲಗುವ ಕೋಣೆಯಲ್ಲಿ ಅಭ್ಯಾಸ ಮಾಡುವ ಹುಡುಗರು 50 ವ್ಯಾಟ್ ಇಲ್ಲದೆ ಗಿಟಾರನ್ನೇ ಮುಟ್ಟುವುದಿಲ್ಲ ಎನ್ನುತ್ತಾರೆ. (ರೇಡಿಯೊ ತರಂಗದ ವ್ಯಾಟೇ ಬೇರೆ, ಸದ್ದಿನ ವ್ಯಾಟೇ ಬೇರೆ ಎಂದು ಭೌತಶಾಸ್ತ್ರದವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾಗಿದೆ, ಆದ್ದರಿಂದ ಅದನ್ನು ಇಲ್ಲಿ ಚರ್ಚಿಸುವುದಿಲ್ಲ.) ಕಿವಿಗೆ ಸದ್ದು ಎರಡರಷ್ಟು ಅನ್ನಿಸಬೇಕಾದರೆ ವ್ಯಾಟು ಹತ್ತರಷ್ಟು ಬೇಕು. ಎಂದರೆ 50 ವ್ಯಾಟಿನ ಪೆಟ್ಟಿಗೆ ಐದು ವ್ಯಾಟಿನದಕ್ಕಿಂತ ಜೋರಾಗಿ ಕೇಳುವುದು ಬರೀ ಎರಡು ಪಟ್ಟು. ಹರಿಯಬ್ಬೆಯ ನೆರೆಹೊರೆಗೆ ಐದೇ ಹೆಚ್ಚು.

ಪೂರ್ವಪಕ್ಷವನ್ನು ಮೈಕ್ ಸೆಟ್ಟಿನವರು ಮಂಡಿಸುತ್ತಾರೆ. ಮದುವೆ, ಜಾತ್ರೆ, ನಾಟಕ, ಚುನಾವಣೆಗಳಿಗೆ ಮರದ ಕೊಂಬೆಗೆ ಹಾರ್ನ್ ಕಟ್ಟಿ ಬಾಳಿದ ಈ ವರ್ಗಕ್ಕೆ ಒಂದೇ ಧ್ಯೇಯವಿತ್ತು: ಒಳಗೆ ಹೋದ ಸದ್ದು ಕೆಡದೆ ಹೊರಗೆ ಬರಬೇಕು. ‘ಕರಕರ’ ಬಂದರೆ ದಪ್ಪ ಗುಂಡಿ ಹಿಂದಕ್ಕೆ ತಿರುಗುತ್ತಿತ್ತು, ಇಲ್ಲವೇ ಸೆಟ್ಟು ರಿಪೇರಿಗೆ ಹೋಗುತ್ತಿತ್ತು. ಗಿಟಾರಿನವರು ಕೇಳುತ್ತಿರುವುದು ಆ ಕರಕರವನ್ನೇ, ಅದೂ ಹೆಚ್ಚಿನ ಬೆಲೆ ಕೊಟ್ಟು. 1964ರಲ್ಲಿ ಜಾಲಹಳ್ಳಿಯವರು ಆಕಾಶವಾಣಿಗಾಗಿ ಟ್ರಾನ್ಸ್‌ಮಿಟರುಗಳನ್ನು ತಯಾರಿಸುತ್ತಿದ್ದರು, ದನಿ ಶುದ್ಧವಾಗಿ ಮನೆಮನೆ ತಲುಪಲೆಂದು. ಅದೇ 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ, ಅದರಿಂದ ಹೊರಟ ಹರಕು ಸದ್ದಿನಲ್ಲೇ ಜಗತ್ಪ್ರಸಿದ್ಧನಾದ. ಬಯಲುಸೀಮೆಯ ಗೋದಾಮುಗಳಲ್ಲಿ ಇದೇ ಕಾರ್ಯವನ್ನು ಇಲಿಗಳು ನಿಷ್ಕಾಮವಾಗಿ ನಡೆಸಿಕೊಂಡು ಬಂದಿದ್ದವು. ಒಂದು ಇಲಿಗೂ ರೆಕಾರ್ಡಿಂಗ್ ಕರಾರು ಸಿಗಲಿಲ್ಲ.

ಸಿದ್ಧಾಂತಕ್ಕೆ ಬರೋಣ. ಇಲ್ಲಿ ಪ್ರಬಂಧ ತನ್ನ ನಗೆಯನ್ನು ಕ್ಷಣಕಾಲ ಬದಿಗಿಡಬೇಕಾಗುತ್ತದೆ, ಏಕೆಂದರೆ ಪೂರ್ವಪಕ್ಷ ಅರ್ಧ ಮಾತ್ರ ಸರಿ. ಒಂದೇ ಇಎಲ್84 ಇಟ್ಟು ಕಟ್ಟಿದ ಪೆಟ್ಟಿಗೆಯಲ್ಲಿ ಸದ್ದು ಮೆಲ್ಲಗೆ ಕೆಡತೊಡಗಿದಾಗ ಮೊದಲು ಸೇರಿಕೊಳ್ಳುವುದು ಎರಡನೆಯ ಹಾರ್ಮಾನಿಕ್, ಅಂದರೆ ಅದೇ ಸ್ವರದ ಮೇಲಿನ ಸ್ಥಾಯಿ. ಷಡ್ಜ ಮೀಟಿದರೆ ತಾರಷಡ್ಜ ತಾನಾಗಿ ಬಂದು ಕೂರುತ್ತದೆ. ಸಂಗೀತ ಬಲ್ಲ ಯಾರು ತಾನೆ ಇದಕ್ಕೆ ಬೇಡವೆಂದಾರು? ಗುಂಡಿ ಇನ್ನೂ ತಿರುಗಿಸಿ ಎರಡು ಸ್ವರ ಒಟ್ಟಿಗೆ ಮೀಟಿದರೆ ಮಾತ್ರ ಅವುಗಳ ಕಂಪನಗಳ ಮೊತ್ತವೂ ವ್ಯತ್ಯಾಸವೂ ಕರೆಯದ ನೆಂಟರಂತೆ ಒಳನುಗ್ಗುತ್ತವೆ. ಮೈಕ್ ಸೆಟ್ಟಿನವರು ಹೆದರುತ್ತಿದ್ದ ಕರಕರ ಇದೇ. ಆದರೆ ಷಡ್ಜ–ಪಂಚಮಗಳನ್ನು ಮೀಟಿ ನೋಡಬೇಕು. ಅವುಗಳ ಪ್ರಮಾಣ 2ಕ್ಕೆ 3. ವ್ಯತ್ಯಾಸ 1, ಅದು ಮಂದ್ರಷಡ್ಜ. ಮೊತ್ತ 5, ಅದು ಮೇಲಿನ ಸ್ಥಾಯಿಯ ಅಂತರ ಗಾಂಧಾರ, ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದೆ ಕೇಳಿಬರುವ ಸ್ವರ. ಹೆವಿ ಮೆಟಲ್ ಹುಡುಗರು ‘ಪವರ್ ಕಾರ್ಡ್’ ಎಂದು ತಲೆಗೂದಲು ಕೊಡವಿ ಬಾರಿಸುವುದು ಈ ಷಡ್ಜ–ಪಂಚಮವನ್ನೇ. ಭಜನೆಮನೆಯ ಮೂಲೆಯಲ್ಲಿ ಕೂತ ತಂಬೂರಿಯವನಿಗೂ ಅವರಿಗೂ ಇರುವ ವ್ಯತ್ಯಾಸ ಬಹುತೇಕ ಉಡುಪಿನದು.

ದ್ರವ್ಯಕಾಂಡ. ಪಟ್ಟಿ ಚಿಕ್ಕದು: ಮುಂದೊಂದು ಇಸಿಸಿ83 ವಾಲ್ವು, ಹಿಂದೊಂದು ಇಎಲ್84, ಎರಡು ಟ್ರಾನ್ಸ್‌ಫಾರ್ಮರು, ರೆಕ್ಟಿಫೈಯರು, ಎಂಟಿಂಚಿನ ಸ್ಪೀಕರು, ಬೆರಳೆಣಿಕೆಯ ರೆಸಿಸ್ಟರು, ಕೆಪಾಸಿಟರು. ಬಹಳಷ್ಟು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಹಿರಿಯೂರಿನಿಂದ ಸುಮಾರು 160 ಕಿಲೋಮೀಟರ್ ತೀರ್ಥಯಾತ್ರೆ. ಇಎಲ್84ರ ಪ್ಲೇಟಿಗೆ 250 ವೋಲ್ಟ್ ಕೊಟ್ಟರೆ ಅದರ ಮೂಲಕ 48 ಮಿಲಿಆಂಪ್ ಹರಿಯುತ್ತದೆ, ಸ್ಕ್ರೀನ್ ಎಂಬ ಎರಡನೆಯ ಗ್ರಿಡ್ಡಿಗೆ ಇನ್ನೊಂದು ಐದೂವರೆ. ಕ್ಯಾಥೋಡಿಗೆ 135 ಓಂ ರೆಸಿಸ್ಟರ್ ಇಟ್ಟರೆ ಅದರ ಮೇಲೆ ಏಳು ವೋಲ್ಟು ಚಿಲ್ಲರೆ ನಿಲ್ಲುತ್ತದೆ. ಮೀಟರಿನಲ್ಲಿ ಆ ಏಳು ಕಂಡರೆ ವಾಲ್ವು ಕ್ಷೇಮ. ವಾಲ್ವಿನ ಹೊಟ್ಟೆಗೂ ಹೀಟರಿಗೂ ಸೇರಿ ಸುಮಾರು 20 ವ್ಯಾಟ್ ತಿಂದು ಪೆಟ್ಟಿಗೆ ಐದನ್ನು ಹಿಂದಿರುಗಿಸುತ್ತದೆ. ಮಿಕ್ಕಿದ್ದು ಶಾಖ. ಏಪ್ರಿಲ್ ತಿಂಗಳ ಹರಿಯಬ್ಬೆಗೆ ಅದೊಂದು ಕಡಿಮೆಯಾಗಿತ್ತು.

ಕೆಪಾಸಿಟರ್ ಎಂದರೇನೆಂದು ಬೇರೆ ಜಿಲ್ಲೆಯವರಿಗೆ ವಿವರಿಸಬೇಕಾದೀತು; ಹಿರಿಯೂರು ತಾಲ್ಲೂಕಿನವರಿಗೆ ಮಾರಿಕಣಿವೆ ಎಂದರೆ ಸಾಕು. ವೇದಾವತಿ ಹೊಳೆ ಬಂದಾಗ ಬರುತ್ತದೆ, ಬಾರದಿದ್ದಾಗ ಇಲ್ಲ. ಆ ಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಅದನ್ನು ಹಿಡಿದಿಟ್ಟು ನಾಲೆಗೆ ಒಂದೇ ಸಮನೆ ಬಿಡುತ್ತದೆ. ರೆಕ್ಟಿಫೈಯರಿನಿಂದ ಏರಿಳಿಯುತ್ತ ಬರುವ ವಿದ್ಯುತ್ತಿಗೆ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಮಾಡುವುದೂ ಅಷ್ಟೇ. ಒಂದು ಭೇದವಿದೆ. ಕೆಪಾಸಿಟರು ಸೆಕೆಂಡಿಗೆ 100 ಸಲ ತುಂಬುತ್ತದೆ; ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ.

ಟ್ರಾನ್ಸ್‌ಫಾರ್ಮರಿನ ವಿಷಯದಲ್ಲಿ ನಾಡು ಸ್ವಾವಲಂಬಿ. ಬೋರ್‌ವೆಲ್ ಇರುವಲ್ಲಿ ಮೋಟಾರು ಸುಡುತ್ತದೆ, ಮೋಟಾರು ಸುಡುವಲ್ಲಿ ವೈಂಡಿಂಗ್ ಅಂಗಡಿ ಇರುತ್ತದೆ. ಎನಾಮಲ್ ತಂತಿಯನ್ನು ಸುತ್ತು ತಪ್ಪದೆ ಸುತ್ತುವ ಕೈಗಳು ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಪ್ಲೇಟಿನ ಕಡೆ ಇಪ್ಪತ್ತೈದು ಸುತ್ತಾದರೆ ಸ್ಪೀಕರಿನ ಕಡೆ ಒಂದು, ಈ ಲೆಕ್ಕ ಹೇಳಿದರೆ ಸಾಕು, ಮರುಪ್ರಶ್ನೆಯಿಲ್ಲ. ತಕರಾರು ಹುಟ್ಟುವುದು ತಗಡು ಜೋಡಿಸುವಾಗ. ಮಾಮೂಲಿ ಟ್ರಾನ್ಸ್‌ಫಾರ್ಮರಿನಲ್ಲಿ ಇ ಆಕಾರದ, ಐ ಆಕಾರದ ತಗಡುಗಳನ್ನು ಎಡಬಲ ಅದಲುಬದಲಾಗಿ ಹೆಣೆಯುತ್ತಾರೆ. ಇಲ್ಲಿ ಹಾಗಲ್ಲ. ಸಂವಾದ ಹೀಗೆ ಸಾಗುವ ಸಂಭವವಿದೆ:

“ಅಣ್ಣ, ಇ ಎಲ್ಲಾ ಒಂದ್ ಕಡೆ, ಐ ಎಲ್ಲಾ ಇನ್ನೊಂದ್ ಕಡೆ ಬರ್ಬೇಕು. ಮಧ್ಯೆ ತೆಳ್ಳಗೊಂದು ಪೇಪರ್ ಇಡ್ಬೇಕು.”

“ಯಾಕಪ್ಪಾ? ಗ್ಯಾಪ್ ಬಿಟ್ರೆ ಲಾಸ್ ಆಗುತ್ತೆ.”

“ಆಗ್ಲಿ ಬಿಡಣ್ಣ, ಅಷ್ಟು ಲಾಸ್ ಬೇಕು.”

“ನಿಮ್ಮಪ್ಪಂಗೆ ಗೊತ್ತೇನಪ್ಪಾ ಇದು?”

ಅಣ್ಣನ ಮಾತು ಅವನ ಕಸುಬಿಗೆ ನೂರಕ್ಕೆ ನೂರು ಸರಿ. ಆದರೆ ಒಂಟಿ ವಾಲ್ವಿನ ಈ ಕಟ್ಟಡದಲ್ಲಿ ಆ 48 ಮಿಲಿಆಂಪ್ ಒಂದೇ ದಿಕ್ಕಿಗೆ ಬಿಡದೆ ಹರಿಯುತ್ತ ಕಬ್ಬಿಣವನ್ನು ಕಾಂತತ್ವದಿಂದ ತುಂಬಿಸಿಬಿಡುತ್ತದೆ. ತುಂಬಿದ ಕಬ್ಬಿಣದಲ್ಲಿ ಸಂಗೀತಕ್ಕೆ ಜಾಗವಿರುವುದಿಲ್ಲ. ಜಾಗ ಮಾಡಿಕೊಡುವುದೇ ಆ ಕಾಗದ.

ಮೊದಲ ಸಲ ಸ್ವಿಚ್ ಒತ್ತಿದಾಗ ಗಿಟಾರಿಗಿಂತ ಮುಂಚೆ ಕೇಳುವುದು ‘ಗುಂಯ್’. ಅಲ್ಪಜ್ಞರು ಇದನ್ನು ದೋಷವೆನ್ನುತ್ತಾರೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಅಮೆರಿಕದ್ದು 60. 50 ಅನ್ನು ಷಡ್ಜವೆಂದು ಹಿಡಿದರೆ 60 ಸರಿಯಾಗಿ ಸಾಧಾರಣ ಗಾಂಧಾರ. ಹೀಗೆ ಹರಿಯಬ್ಬೆಯ ಗುಂಯ್ ಆಧಾರಶ್ರುತಿಯಾಗಿಯೂ ಅಮೆರಿಕದ ಗುಂಯ್ ಬರಿಯ ಒಂದು ಸ್ವರವಾಗಿಯೂ ಇರುವುದು ಗಣಿತಸಿದ್ಧ. ಈ ಶೋಧವನ್ನು ಒಪ್ಪದವರು ಹೀಟರಿನ ಎರಡು ತಂತಿಗಳನ್ನು ಹುರಿಹೊಸೆದಂತೆ ಹೊಸೆದು ಮೂಲೆಗೆ ಸರಿಸಿ, ಅರ್ಥ್ ತಂತಿಗಳನ್ನೆಲ್ಲ ಒಂದು ಕಡೆ ಕೂಡಿಸಿದರೆ ಗುಂಯ್ ಮುಕ್ಕಾಲು ಪಾಲು ಅಡಗುತ್ತದೆ.

ಲೋ ವೋಲ್ಟೇಜೂ ವರವೇ. ಅಮೆರಿಕದ ಎಡ್ಡಿ ವ್ಯಾನ್ ಹ್ಯಾಲೆನ್ ತನ್ನ ಮಾರ್ಷಲ್ ಪೆಟ್ಟಿಗೆಗೆ ವೇರಿಯಾಕ್ ಕಟ್ಟಿ, ವೋಲ್ಟೇಜನ್ನು ಬೇಕೆಂದೇ ತಗ್ಗಿಸಿ ಹೆಸರುವಾಸಿಯಾದ ದನಿಯನ್ನು ಪಡೆದ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾಗುವ ಹೊತ್ತಿಗೆ ಗಿಟಾರ್ ಹಿಡಿದರೆ ಹಳ್ಳಿಯವರಿಗೆ ವೇರಿಯಾಕಿನ ಖರ್ಚು ಉಳಿಯುತ್ತದೆ.

ಪಂಥಭೇದಗಳನ್ನು ಹೇಳಿ ಮುಗಿಸಬಹುದು. ಹಳೆಯ ಮಾರ್ಷಲ್ಲುಗಳಲ್ಲಿದ್ದ ಸಾಸಿವೆ ಬಣ್ಣದ ಕೆಪಾಸಿಟರಿನಿಂದಲೇ ನಾದ ಹುಟ್ಟುವುದೆಂದು ಒಂದು ಪಂಥ. ಅಳತೆ ಸರಿಯಿದ್ದು ವೋಲ್ಟೇಜು ತಾಳಿದರೆ ಬಣ್ಣ ಯಾವುದಾದರೇನು ಎಂದು ಇನ್ನೊಂದು. ಎರಡನೆಯದು ಸರಿ, ಮೊದಲನೆಯದರಲ್ಲಿ ಭಕ್ತರು ಹೆಚ್ಚು. ಪೆಟ್ಟಿಗೆಗೆ ಫೆಂಡರನ ಪೈನ್ ಮರವೇ ಬೇಕೆನ್ನುವವರಿಗೆ ಬೇವಿನ ಹಲಗೆಯಿಂದ ಸಮಾಧಾನವಾಗಲಿಕ್ಕಿಲ್ಲ, ಗೆದ್ದಲಿಗಂತೂ ಆಗುವುದಿಲ್ಲ.

ಅಣಕಕ್ಕೆ ಎಡೆಯಿಲ್ಲದ ಒಂದು ಸೂತ್ರವಿದೆ. ಹಳೆಯ ಎಸಿ/ಡಿಸಿ ವಾಲ್ವ್ ರೇಡಿಯೊಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರುತ್ತಿರಲಿಲ್ಲ, ಕರೆಂಟಿನ ಒಂದು ತಂತಿ ನೇರ ಚಾಸಿಗೆ ಸೇರಿರುತ್ತಿತ್ತು. ಮರದ ಪೆಟ್ಟಿಗೆಯೊಳಗೆ ರೇಡಿಯೊ ಸುರಕ್ಷಿತ. ಗಿಟಾರಿನ ತಂತಿಗಳೋ ಚಾಸಿಗೇ ಸೇರುತ್ತವೆ, ಬೆರಳು ಆ ತಂತಿಗಳ ಮೇಲಿರುತ್ತದೆ. ಅಂಥ ಸೆಟ್ಟನ್ನು ಆಂಪ್ಲಿಫೈಯರ್ ಮಾಡಲು ಹೊರಡಬಾರದು. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನಲ್ಲೂ ಪ್ಲಗ್ಗು ಕಿತ್ತ ಮೇಲೆ ಕೆಪಾಸಿಟರಿನೊಳಗೆ ಕೊಲ್ಲುವಷ್ಟು ವೋಲ್ಟು ನಿಂತಿರಬಹುದು. ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಬೇಕು.

ಓದುಗರ ಮನೆಯ ಅಟ್ಟದಲ್ಲಿ ತಾತನ ಕಾಲದ ಮೈಕ್ ಸೆಟ್ಟೋ ವಾಲ್ವ್ ರೇಡಿಯೊವೋ ಇದ್ದರೆ, ಗುಜರಿಯವರಿಗೆ ಕಿಲೋ ಲೆಕ್ಕದಲ್ಲಿ ಹಾಕುವ ಮುನ್ನ ಬಲ್ಲವರಿಂದ ಹಿಂಬದಿಯ ಹಲಗೆ ಬಿಚ್ಚಿಸಿ ನೋಡಿ. ಗಾಜಿನ ಮೇಲೆ ಬಿಇಎಲ್ ಎಂದಿದ್ದರೆ ಕೊಡಬೇಡಿ.